ಸೈಲೆನ್ಸರ್ ಬದಲಿಸಿದರೆ ಎಂಜಿನ್ನಿನ ಉಸಿರೂ ಬದಲಾಗುತ್ತದೆ



ಸಂಜೆ ಹೊತ್ತು ಚಿತ್ರದುರ್ಗದ ಬಿ.ಡಿ. ರಸ್ತೆಯ ಬದಿಯಲ್ಲಿ ಕಣ್ಣು ಮುಚ್ಚಿ ಹತ್ತು ನಿಮಿಷ ನಿಂತು ನೋಡಿ. ಹೋಗಿ ಬರುವ ಗಾಡಿಗಳನ್ನು ಬರೀ ಸದ್ದಿನಿಂದಲೇ ನೀವು ಗುರುತಿಸಬಲ್ಲಿರಿ. ಬುಲೆಟ್ಟಿನದು ನಿಧಾನವಾದ ಡುಗುಡುಗು. ಹಳೆಯ ಯೆಜ್ಡಿಯದು ಟೊಳ್ಳು ಡಬ್ಬ ಬಡಿದಂಥ ನಾದ. ಆರ್‌ಎಕ್ಸ್ 100 ಕೀರಲು ದನಿ ತೆಗೆಯುತ್ತದೆ. ಇವುಗಳ ನಡುವೆ ಒಮ್ಮೊಮ್ಮೆ ಪಟಾಕಿ ಸರ ಹಚ್ಚಿದಂತೆ ಸಿಡಿಯುತ್ತಾ ಒಂದು ಗಾಡಿ ಹಾದುಹೋಗುತ್ತದೆ. ಕಣ್ಣು ತೆರೆಯದೆಯೂ ನಿಮಗೆ ಗೊತ್ತಾಗುತ್ತದೆ: ಯಾರೋ ಕಂಪನಿಯ ಸೈಲೆನ್ಸರ್ ತೆಗೆಸಿ ಬೇರೆಯದನ್ನು ಹಾಕಿಸಿದ್ದಾರೆ.

ನಿಮ್ಮ ಗೆಳೆಯರಲ್ಲೇ ಒಬ್ಬರು ಹೀಗೆ ಮಾಡಿಸಿರಬಹುದು. ಮೊದಲ ವಾರ ಖುಷಿಯೋ ಖುಷಿ. ಎರಡನೆಯ ವಾರದಿಂದ ದೂರು ಶುರುವಾಗುತ್ತದೆ. ‘ಆಕ್ಸಿಲರೇಟರ್ ಬಿಟ್ಟರೆ ಹಿಂದೆ ಪಟಪಟ ಸಿಡಿಯುತ್ತದೆ’, ‘ಗಾಡಿ ಬೇಗ ಬಿಸಿಯಾಗುತ್ತದೆ’, ‘ಸದ್ದು ಜೋರಿದೆ, ಓಟ ಮಾತ್ರ ಮೊದಲಿಗಿಂತ ಮಂದ’. ಸೈಲೆನ್ಸರ್ ಇರುವುದು ಹಿಂದೆ, ಹೊಗೆ ಹೊರಗೆ ಹೋಗುವ ಕಡೆ. ಪೆಟ್ರೋಲು, ಗಾಳಿ ಒಳಗೆ ಬರುವುದು ಇನ್ನೊಂದು ಕಡೆ. ಹೊರಬಾಗಿಲಲ್ಲಿ ಮಾಡಿದ ಬದಲಾವಣೆಗೆ ಒಳಬಾಗಿಲು ಏಕೆ ತಕರಾರು ಮಾಡಬೇಕು? ಈ ಲೇಖನದಲ್ಲಿ ಆ ಪ್ರಶ್ನೆಗೆ ಉತ್ತರ ಹುಡುಕೋಣ.

ಒಲೆಯಿಂದ ಆರಂಭಿಸೋಣ

ನಿಮ್ಮಲ್ಲಿ ಹಳ್ಳಿಯಿಂದ ಬಂದವರು ‘ಅಸ್ತ್ರ ಒಲೆ’ಯನ್ನು ಕಂಡಿರಬಹುದು, ಇಲ್ಲವೇ ಮನೆಯ ಹಿರಿಯರಿಂದ ಕೇಳಿರಬಹುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗ ರೂಪಿಸಿದ ಒಲೆ ಅದು. ಅದಕ್ಕೆ ಹೊಗೆ ಕೊಳವೆ ಇತ್ತು, ಸೌದೆಯ ಕೆಳಗೆ ಗಾಳಿ ಬರಲು ಜಾಲರಿ ಇತ್ತು. ಕೊಳವೆಯಲ್ಲಿ ಬಿಸಿ ಹೊಗೆ ಮೇಲೇರಿದಂತೆ ಕೆಳಗಿನಿಂದ ಹೊಸ ಗಾಳಿ ತಾನಾಗಿ ಒಳಗೆ ಬರುತ್ತಿತ್ತು. ಕೊಳವೆ ಕಟ್ಟಿಕೊಂಡರೆ ಒಲೆ ಹೊಗೆಯಾಡುತ್ತದೆ. ಕೊಳವೆಯ ಎಳೆತ ಅತಿಯಾದರೆ ಗಾಳಿ ಹೆಚ್ಚಾಗಿ ಶಾಖವೆಲ್ಲ ಕೊಳವೆಯಲ್ಲೇ ಹೊರಟುಹೋಗುತ್ತದೆ. ಸೌದೆ, ಗಾಳಿ, ಹೊಗೆ ದಾರಿ ಈ ಮೂರನ್ನೂ ಒಂದಕ್ಕೊಂದು ಹೊಂದಿಸಿದಾಗ ಮಾತ್ರ ಒಲೆ ಚೆನ್ನಾಗಿ ಉರಿಯುತ್ತದೆ.

ಬೈಕಿನ ಎಂಜಿನ್ ಕೂಡ ಒಂದು ಒಲೆಯೇ. ನಿಮಿಷಕ್ಕೆ ಸಾವಿರಾರು ಸಲ ಹೊತ್ತಿ ಆರುವ ಒಲೆ. ಅದರ ಹೊಗೆ ಕೊಳವೆಯೇ ಸೈಲೆನ್ಸರ್. ಗಾಳಿ ಬರುವ ದಾರಿಯೇ ಏರ್ ಫಿಲ್ಟರ್. ಸೌದೆಯನ್ನು ಅಳೆದು ಹಾಕುವ ಕೈಯೇ ಕಾರ್ಬುರೇಟರ್.

ಒಂದು ಲೀಟರ್ ಪೆಟ್ರೋಲಿಗೆ ಎಷ್ಟು ಗಾಳಿ ಬೇಕು?

ರಸಾಯನಶಾಸ್ತ್ರದ ನಿಮ್ಮ ಪಾಠವನ್ನು ನೆನಪಿಸಿಕೊಳ್ಳಿ. ಪೆಟ್ರೋಲಿನ ಪ್ರತಿನಿಧಿಯಾಗಿ ಆಕ್ಟೇನ್ ತೆಗೆದುಕೊಂಡರೆ, ಅದರ ಎರಡು ಅಣುಗಳು ಪೂರ್ತಿ ಉರಿಯಲು ಆಮ್ಲಜನಕದ 25 ಅಣುಗಳು ಬೇಕು. ತೂಕದ ಲೆಕ್ಕದಲ್ಲಿ 228 ಗ್ರಾಂ ಆಕ್ಟೇನಿಗೆ 800 ಗ್ರಾಂ ಆಮ್ಲಜನಕ. ಗಾಳಿಯ ತೂಕದಲ್ಲಿ ಆಮ್ಲಜನಕದ ಪಾಲು ಸುಮಾರು ಶೇಕಡಾ 23 ಮಾತ್ರ. ಆದ್ದರಿಂದ ಒಂದು ಕಿಲೋ ಆಕ್ಟೇನಿಗೆ ಸುಮಾರು 15 ಕಿಲೋ ಗಾಳಿ ಬೇಕಾಗುತ್ತದೆ. ಪೆಟ್ರೋಲು ಹಲವು ಹೈಡ್ರೋಕಾರ್ಬನ್‌ಗಳ ಮಿಶ್ರಣವಾದ್ದರಿಂದ ಅದರ ಅಂಕಿ ತುಸು ಕಡಿಮೆ, 14.7.

ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ. ಅಂದರೆ ಅದಕ್ಕೆ ಸುಮಾರು 11 ಕಿಲೋ ಗಾಳಿ ಬೇಕು. ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ಲೆಕ್ಕ ಹಾಕಿ ನೋಡಿ: ಒಂದು ಲೀಟರ್ ಪೆಟ್ರೋಲು ಸುಡಲು ಸುಮಾರು 9000 ಲೀಟರ್ ಗಾಳಿ! ಎರಡು ಮೀಟರಿಗಿಂತ ತುಸು ಹೆಚ್ಚು ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರದ ಒಂದು ಕೋಣೆಯ ಗಾಳಿಯನ್ನೆಲ್ಲ ಅದು ಕುಡಿದುಬಿಡುತ್ತದೆ. ಬೈಕು ಓಡುವುದು ಪೆಟ್ರೋಲಿನಿಂದ ಎಂದು ನಾವು ಹೇಳುತ್ತೇವೆ. ಗಾಳಿಯಿಂದ ಎಂದರೂ ತಪ್ಪಾಗದು.

ಈ 14.7 ಎಂಬುದು ರಸಾಯನಶಾಸ್ತ್ರದ ಲೆಕ್ಕ. ಎಂಜಿನ್ನಿಗೆ ಸಂದರ್ಭಕ್ಕೆ ತಕ್ಕಂತೆ ಬೇರೆ ಬೇರೆ ಪ್ರಮಾಣ ಬೇಕು. ಪೂರ್ಣ ಬಲ ಬೇಕಾದಾಗ ಒಂದು ಪಾಲು ಪೆಟ್ರೋಲಿಗೆ ಸುಮಾರು 12.5ರಿಂದ 13 ಪಾಲು ಗಾಳಿ ಸರಿ. ಸಮತಟ್ಟು ರಸ್ತೆಯಲ್ಲಿ ಮೈಲೇಜ್ ಬೇಕಾದಾಗ 15ರ ಮೇಲೆ ಹೋದರೂ ನಡೆಯುತ್ತದೆ. ಪೆಟ್ರೋಲು ಹೆಚ್ಚಿರುವುದನ್ನು ಮೆಕ್ಯಾನಿಕ್‌ಗಳು ‘ರಿಚ್’ ಎನ್ನುತ್ತಾರೆ. ನಾವು ಗಟ್ಟಿ ಮಿಶ್ರಣ ಎನ್ನೋಣ. ಗಾಳಿ ಹೆಚ್ಚಿರುವುದು ‘ಲೀನ್’, ಅಂದರೆ ತೆಳು ಮಿಶ್ರಣ.

ಕಾರ್ಬುರೇಟರಿನ ಒಳಗೆ

ದುರ್ಗದ ಕೋಟೆ ಹತ್ತಿದವರು ಒಂದು ಸಂಗತಿಯನ್ನು ಗಮನಿಸಿರುತ್ತೀರಿ. ಬಯಲಿನಲ್ಲಿ ಮೆಲ್ಲಗೆ ಬೀಸುವ ಗಾಳಿ, ಎರಡು ಬಂಡೆಗಳ ನಡುವಿನ ಇಕ್ಕಟ್ಟಿನಲ್ಲಿ ಬಟ್ಟೆ ಹಾರುವಷ್ಟು ರಭಸವಾಗುತ್ತದೆ. ಕಾರ್ಬುರೇಟರಿನ ನಡುವೆಯೂ ಇಂಥದೇ ಒಂದು ಇಕ್ಕಟ್ಟಿದೆ. ಅಲ್ಲಿ ಗಾಳಿಯ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ಕುಗ್ಗುತ್ತದೆ. ಇದು ನೀವು ಓದಿರುವ ಬರ್ನೂಲಿ ತತ್ವ. ಒತ್ತಡ ಕುಗ್ಗಿದಾಗ ಕೆಳಗಿನ ಪುಟ್ಟ ಬಟ್ಟಲಿನಿಂದ ಪೆಟ್ರೋಲು ಸಣ್ಣ ರಂಧ್ರದ ಮೂಲಕ ಮೇಲೆ ಚಿಮ್ಮಿ ಗಾಳಿಯೊಡನೆ ಬೆರೆಯುತ್ತದೆ. ಸೊಳ್ಳೆ ಔಷಧಿ ಹೊಡೆಯುವ ಫ್ಲಿಟ್ ಪಂಪು ಕೆಲಸ ಮಾಡುವುದೂ ಹೀಗೆಯೇ.

ಆ ಸಣ್ಣ ರಂಧ್ರವಿರುವ ಹಿತ್ತಾಳೆ ತಿರುಪಿಗೆ ಜೆಟ್ ಎಂದು ಹೆಸರು. ಮೋಟಾರ್ ಸೈಕಲ್ಲಿನ ಸಾಮಾನ್ಯ ಕಾರ್ಬುರೇಟರಿನಲ್ಲಿ ಕೆಲಸ ಹಂಚಿಕೆಯಾಗಿದೆ. ಆಕ್ಸಿಲರೇಟರ್ ಮುಚ್ಚಿರುವಾಗ ಮತ್ತು ಎಂಟನೆಯ ಒಂದು ಭಾಗದಷ್ಟು ತೆರೆಯುವವರೆಗೆ ಪೈಲಟ್ ಜೆಟ್ ಮತ್ತು ಅದರ ಪಕ್ಕದ ಸ್ಕ್ರೂ ಯಜಮಾನರು. ಅಲ್ಲಿಂದ ಸುಮಾರು ಕಾಲು ಭಾಗದವರೆಗೆ ಮೇಲೆ ಕೆಳಗೆ ಆಡುವ ಸ್ಲೈಡಿನ ಅಂಚಿನ ಕತ್ತರಿಕೆಯ ಪ್ರಭಾವ. ಕಾಲಿನಿಂದ ಮುಕ್ಕಾಲು ಭಾಗದವರೆಗೆ ಸ್ಲೈಡಿಗೆ ತಗುಲಿಸಿದ ಮೊನಚು ಸೂಜಿಯದೇ ಆಳ್ವಿಕೆ. ಮುಕ್ಕಾಲಿನಿಂದ ಪೂರ್ತಿ ತೆರೆಯುವವರೆಗೆ ಮೇನ್ ಜೆಟ್. ಈ ಗಡಿಗಳು ಗೆರೆ ಕೊರೆದಂತೆ ಇಲ್ಲ, ಒಂದು ಇನ್ನೊಂದರೊಳಗೆ ಸೇರಿಕೊಂಡಿರುತ್ತವೆ. ಆದರೂ ಈ ಹಂಚಿಕೆ ಗೊತ್ತಿದ್ದರೆ ತೊಂದರೆ ಎಲ್ಲಿದೆ ಎಂದು ಪತ್ತೆ ಮಾಡುವುದು ಅರ್ಧ ಸುಲಭವಾದಂತೆ.

ಸೈಲೆನ್ಸರಿನ ಇನ್ನೊಂದು ಕೆಲಸ

ಸೈಲೆನ್ಸರ್ ಎಂಬ ಹೆಸರು ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಸದ್ದಡಗಿಸುವುದಷ್ಟೇ ಅದರ ಕೆಲಸ ಎಂದು ಭಾವಿಸುತ್ತೇವೆ. ನಿಜವಾಗಿ ಅದು ಎಂಜಿನ್ನಿನ ಉಸಿರಾಟದ ಅರ್ಧ ಭಾಗ.

ಉರಿದ ಅನಿಲ ಸಿಲಿಂಡರಿನಿಂದ ಒಮ್ಮೆಲೇ ನುಗ್ಗಿದಾಗ ಕೊಳವೆಯಲ್ಲಿ ಒತ್ತಡದ ಒಂದು ಅಲೆ ಹೊರಡುತ್ತದೆ. ಬಿಸಿ ಅನಿಲದಲ್ಲಿ ಆ ಅಲೆಯ ವೇಗ ಸೆಕೆಂಡಿಗೆ ಸುಮಾರು 500 ಮೀಟರ್. ಕೊಳವೆ ಅಗಲವಾಗುವ ಜಾಗದಲ್ಲಿ ಅಲೆಯ ಒಂದು ಭಾಗ ಎಳೆತದ ಅಲೆಯಾಗಿ ಹಿಂದಿರುಗುತ್ತದೆ. ಕೊಳವೆ ಕಿರಿದಾಗುವ ಜಾಗದಲ್ಲಿ ತಳ್ಳುವ ಅಲೆಯಾಗಿ ಹಿಂದಿರುಗುತ್ತದೆ. ಬಾವಿಯಲ್ಲಿ ಕೂಗಿದರೆ ಮಾರ್ದನಿ ಬರುವಂತೆ ಎನ್ನಿ. ಈ ಮಾರ್ದನಿ ಸರಿಯಾದ ಹೊತ್ತಿಗೆ ಬಂದರೆ ಎಂಜಿನ್ನಿಗೆ ಸಹಾಯ, ತಪ್ಪು ಹೊತ್ತಿಗೆ ಬಂದರೆ ಅಡ್ಡಿ.

ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಇದರ ಮಹತ್ವ ಬಹಳ ದೊಡ್ಡದು. ಅದರಲ್ಲಿ ವಾಲ್ವ್‌ಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ತೆರೆದು ಮುಚ್ಚುತ್ತದೆ. ಹೊಗೆ ಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಮಿಶ್ರಣ ಒಳಗೆ ಬಂದುಬಿಡುತ್ತದೆ. ಹೀಗೆ ಸ್ವಲ್ಪ ಪೆಟ್ರೋಲು ಉರಿಯದೆಯೇ ಹೊರಗೆ ಜಾರುತ್ತದೆ. ಜಾರುವುದನ್ನು ತಡೆದು ಒಳಕ್ಕೆ ನೂಕಬಲ್ಲದ್ದು ಆ ತಳ್ಳುವ ಅಲೆ. 1950ರ ದಶಕದಲ್ಲಿ ಪೂರ್ವ ಜರ್ಮನಿಯ ಎಂ.ಜೆಡ್. ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡೆನ್ ಇದನ್ನು ಪಳಗಿಸಿದರು. ಮೊದಲು ಹಿಗ್ಗಿ, ಆಮೇಲೆ ಕುಗ್ಗುವ ಕೊಳವೆಯನ್ನು ಲೆಕ್ಕ ಹಾಕಿ ಮಾಡಿ, 1961ರ ಹೊತ್ತಿಗೆ 125 ಸಿ.ಸಿ.ಯ ಪುಟ್ಟ ಎಂಜಿನ್ನಿನಿಂದ 25 ಅಶ್ವಶಕ್ತಿ ತೆಗೆದರು. ಅದೇ ವರ್ಷ ಅವರ ತಂಡದ ಸವಾರ ಅರ್ನ್ಸ್ಟ್ ಡೆಗ್ನರ್ ಪಶ್ಚಿಮಕ್ಕೆ ಓಡಿಹೋಗಿ ಜಪಾನಿನ ಸುಜುಕಿ ಸೇರಿದ. ಕೊಳವೆಯ ಗುಟ್ಟೂ ಅವನ ಜೊತೆಗೆ ಹೋಯಿತು. 1962ರಲ್ಲಿ 50 ಸಿ.ಸಿ. ವಿಶ್ವ ಪ್ರಶಸ್ತಿ ಸುಜುಕಿಗೆ ದಕ್ಕಿತು. ಒಂದು ತಗಡಿನ ಕೊಳವೆಯ ಆಕಾರಕ್ಕೆ ಇಷ್ಟು ಬೆಲೆ!

ಸರಳ ಲೆಕ್ಕವೊಂದನ್ನು ಮಾಡೋಣ. ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಒಂದು ಸುತ್ತಿಗೆ ಸೆಕೆಂಡಿನ ನೂರನೆಯ ಒಂದು ಭಾಗ. ಹೊಗೆ ಕಿಂಡಿ ಅರ್ಧ ಸುತ್ತು ತೆರೆದಿರುತ್ತದೆ ಎಂದುಕೊಳ್ಳಿ. ಅಷ್ಟರಲ್ಲಿ ಅಲೆ 2.5 ಮೀಟರ್ ಓಡುತ್ತದೆ. ಹೋಗಿ ಬರಬೇಕಾದ್ದರಿಂದ ಅರ್ಧ, ಅಂದರೆ 1.25 ಮೀಟರ್. ಇಂಥ ಕೊಳವೆಗಳು ಒಂದು ಮೀಟರಿನ ಆಸುಪಾಸು ಇರುವುದು ಏಕೆ ಎಂದು ಈಗ ತಿಳಿಯಿತಲ್ಲವೇ? ಸುತ್ತು ಹೆಚ್ಚು ಕಡಿಮೆಯಾದರೆ ಅಲೆ ಬರುವ ಹೊತ್ತೂ ತಪ್ಪುತ್ತದೆ. ಆದ್ದರಿಂದ ಯಾವ ಸೈಲೆನ್ಸರೂ ಎಲ್ಲ ವೇಗಗಳಲ್ಲಿಯೂ ಶಕ್ತಿ ಹೆಚ್ಚಿಸಲಾರದು. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಸಿದುಕೊಳ್ಳುತ್ತದೆ.

ನಮ್ಮ ರಾಜ್ಯಕ್ಕೆ ಈ ಕಥೆ ಹೊರಗಿನದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದಿಂದ 1996ರವರೆಗೆ ತಯಾರಿಸಿದ ಜಾವಾ, ಯೆಜ್ಡಿ ಗಾಡಿಗಳೆಲ್ಲ ಟೂ-ಸ್ಟ್ರೋಕ್. ಅವುಗಳ ಹೆಸರಾಂತ 250 ಸಿ.ಸಿ. ಗಾಡಿಯಲ್ಲಿ ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಸೈಲೆನ್ಸರಿನ ಒಳಗಿನ ತೂತುಗಳ ಕೊಳವೆಯನ್ನು ಎಳೆದು ತೆಗೆದು ಕರಿ ಕೆರೆದು ಮತ್ತೆ ಹಾಕಬಹುದಿತ್ತು. ಶುಚಿ ಮಾಡಲೆಂದು ಕೊಟ್ಟ ಈ ಸೌಕರ್ಯವನ್ನು ಸದ್ದಿಗಾಗಿ ಬಳಸಿಕೊಂಡು, ತೆಗೆದದ್ದನ್ನು ಮತ್ತೆ ಹಾಕದೆ ಓಡಿಸಿದವರೂ ಇದ್ದರು. ಗಾಡಿ ಗರ್ಜಿಸಿತು, ಕೆಳ ಸುತ್ತಿನ ಎಳೆತ ಸೊರಗಿತು.

ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ವಾಲ್ವ್‌ಗಳಿರುವುದರಿಂದ ಪರಿಣಾಮ ಇಷ್ಟು ನಾಟಕೀಯವಲ್ಲ, ಆದರೆ ಇದೆ. ಹೊಗೆ ವಾಲ್ವ್ ಮುಚ್ಚುವ ಮೊದಲೇ ಒಳ ವಾಲ್ವ್ ತೆರೆದುಕೊಳ್ಳುವ ಒಂದು ಚಿಕ್ಕ ಹೊತ್ತು ಇರುತ್ತದೆ. ಅಡೆತಡೆ ಕಡಿಮೆಯಾದ ಕೊಳವೆಯಲ್ಲಿ ಹಳೆಯ ಅನಿಲ ಸಲೀಸಾಗಿ ಹೋಗಿ, ಆ ಹೊತ್ತಿನಲ್ಲಿ ಒಳಕ್ಕೆ ಬರುವ ಗಾಳಿಯ ಪ್ರಮಾಣ ಬದಲಾಗುತ್ತದೆ.

ಆದರೆ ಮಿಶ್ರಣ ತೆಳುವಾಗುವುದೇಕೆ?

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬರು ಕೇಳಬಹುದು: ‘ಗಾಳಿ ಹೆಚ್ಚು ಬಂದರೆ ಕಾರ್ಬುರೇಟರಿನ ಇಕ್ಕಟ್ಟಿನಲ್ಲಿ ಎಳೆತವೂ ಹೆಚ್ಚಿ ಪೆಟ್ರೋಲೂ ಹೆಚ್ಚು ಬರುತ್ತದಲ್ಲವೇ?’ ಸರಿಯಾದ ಪ್ರಶ್ನೆ. ಕಾರ್ಬುರೇಟರ್ ತನ್ನಷ್ಟಕ್ಕೆ ಬಹುಪಾಲು ಸರಿದೂಗಿಸಿಕೊಳ್ಳುತ್ತದೆ. ಆದರೆ ಎಲ್ಲ ವೇಗಗಳಲ್ಲೂ ಕರಾರುವಾಕ್ಕಾಗಿ ಅಲ್ಲ. ಗಾಳಿ ಒಂದೇ ಸಮನೆ ಹರಿಯುವುದಿಲ್ಲ, ಮಿಡಿಯುತ್ತಾ ಬರುತ್ತದೆ. ಆ ಮಿಡಿತವನ್ನು ಹೊಸ ಕೊಳವೆ ಬದಲಿಸಿರುತ್ತದೆ. ಇದರ ಮೇಲೆ ಕಂಪನಿಯವರು ಮೈಲೇಜಿಗಾಗಿ, ಹೊಗೆ ನಿಯಮಕ್ಕಾಗಿ ಮಿಶ್ರಣವನ್ನು ಮೊದಲೇ ತೆಳುವಿನ ಅಂಚಿನಲ್ಲಿ ಇಟ್ಟಿರುತ್ತಾರೆ. ಅಂಚಿನಲ್ಲಿ ನಿಂತವನನ್ನು ಬೀಳಿಸಲು ಸಣ್ಣ ನೂಕು ಸಾಕು.

ಅನೇಕರು ಸೈಲೆನ್ಸರಿನೊಂದಿಗೆ ಏರ್ ಫಿಲ್ಟರನ್ನೂ ಬದಲಿಸುತ್ತಾರೆ ಅಥವಾ ತೆಗೆದೇ ಬಿಡುತ್ತಾರೆ. ಆಗ ತೊಂದರೆ ಹಲವು ಪಟ್ಟು. ಫಿಲ್ಟರಿನ ಪೆಟ್ಟಿಗೆ ಒಡ್ಡುತ್ತಿದ್ದ ತಡೆಯನ್ನು ಲೆಕ್ಕಕ್ಕೆ ಹಿಡಿದೇ ಜೆಟ್ಟಿನ ರಂಧ್ರ ಕೊರೆದಿರುತ್ತಾರೆ. ಆ ತಡೆ ಹೋದರೆ ಇಕ್ಕಟ್ಟಿನ ಎಳೆತ ಕುಸಿದು ಪೆಟ್ರೋಲು ಸಾಲದೆ ಬರುತ್ತದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದಂಥ ಒಣ ಸೀಮೆಯಲ್ಲಿ, ಅದಿರು ಲಾರಿಗಳು ಓಡಾಡುವ ದಾರಿಗಳಲ್ಲಿ, ಫಿಲ್ಟರ್ ಇಲ್ಲದೆ ಓಡಿಸುವುದೆಂದರೆ ಸಿಲಿಂಡರಿಗೆ ಮರಳು ಕಾಗದ ಹಾಕಿ ಉಜ್ಜಿದಂತೆಯೇ. ಧೂಳಿನಲ್ಲಿರುವ ಬೆಣಚುಕಲ್ಲಿನ ಕಣ ಸಿಲಿಂಡರಿನ ಲೋಹಕ್ಕಿಂತ ಗಟ್ಟಿ.

ತೆಳು ಮಿಶ್ರಣದ ಅಪಾಯ

ಗಟ್ಟಿ ಮಿಶ್ರಣದಿಂದ ಪೆಟ್ರೋಲು ಪೋಲು, ಕರಿ ಹೊಗೆ, ಪ್ಲಗ್ಗಿಗೆ ಮಸಿ. ಇವು ಖರ್ಚಿನ ವಿಷಯ. ತೆಳು ಮಿಶ್ರಣ ಪ್ರಾಣಕ್ಕೆ ಸಂಬಂಧಿಸಿದ್ದು.

ಸಿಲಿಂಡರಿನೊಳಗೆ ಆವಿಯಾಗುವ ಪೆಟ್ರೋಲು ಸ್ವಲ್ಪ ತಂಪನ್ನೂ ಕೊಡುತ್ತದೆ. ಬೆವರು ಆರಿದಾಗ ಮೈ ತಣ್ಣಗಾಗುವಂತೆ. ಪೂರ್ಣ ವೇಗದಲ್ಲಿ ಪೆಟ್ರೋಲು ಕಡಿಮೆಯಾದರೆ ಆ ತಂಪು ಹೋಗಿ ಪಿಸ್ಟನ್ ಕಾಯುತ್ತದೆ. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಹಳೆಯ ಗಾಡಿಗಳ ಸಿಲಿಂಡರ್ ಬೀಡುಕಬ್ಬಿಣದ್ದು. ಒಂದೇ ಪ್ರಮಾಣದ ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಇವೆರಡರ ನಡುವಿನ ಸಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಆ ಸಂದು ಮುಚ್ಚಿದ ಕ್ಷಣ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದನ್ನೇ ‘ಎಂಜಿನ್ ಸೀಜ್ ಆಯಿತು’ ಎನ್ನುವುದು.

ಚಿತ್ರದುರ್ಗದಿಂದ ಹಿರಿಯೂರಿಗೆ ಸುಮಾರು 40 ಕಿಲೋಮೀಟರ್, ಅಗಲವಾದ ಹೆದ್ದಾರಿ. ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ, ಹಿಂದೆ ತಮ್ಮನನ್ನು ಕೂರಿಸಿಕೊಂಡು, ಪಕ್ಕದಲ್ಲಿ ಲಾರಿ ಬರುತ್ತಿರುವಾಗ ಹಿಂದಿನ ಚಕ್ರ ಥಟ್ಟನೆ ನಿಂತುಬಿಟ್ಟರೆ ಏನಾಗಬಹುದೆಂದು ಊಹಿಸಿಕೊಳ್ಳಿ. ಎಂಜಿನ್ ಸೊರಗಿದಂತೆ, ಯಾರೋ ಹಿಂದಕ್ಕೆ ಎಳೆದಂತೆ ಅನ್ನಿಸಿದ ಕೂಡಲೇ ಕ್ಲಚ್ ಹಿಡಿಯಬೇಕೆಂದು ಹಳೆಯ ಟೂ-ಸ್ಟ್ರೋಕ್ ಸವಾರರು ಕಲಿತದ್ದು ಇದಕ್ಕಾಗಿಯೇ.

ಯೆಜ್ಡಿಯಂಥ ಗಾಡಿಗಳಲ್ಲಿ ಇನ್ನೊಂದು ಅಪಾಯವಿದೆ. ಅವುಗಳಲ್ಲಿ ಎಣ್ಣೆಯನ್ನು ಪೆಟ್ರೋಲಿಗೇ ಬೆರೆಸಿ ಹಾಕುತ್ತಾರೆ. ಪೆಟ್ರೋಲು ಕಡಿಮೆ ಬಂತೆಂದರೆ ಎಣ್ಣೆಯೂ ಕಡಿಮೆ ಬಂತು! ಬಿಸಿ ಹೆಚ್ಚಿದ ಹೊತ್ತಿಗೇ ಜಾರುವಿಕೆಯೂ ಕೈಕೊಡುತ್ತದೆ. ಆರ್‌ಎಕ್ಸ್ 100ರಲ್ಲಿ ಎಣ್ಣೆಗೆ ಬೇರೆ ಪಂಪು ಇದ್ದುದರಿಂದ ಈ ಎರಡನೆಯ ಅಪಾಯ ಕಡಿಮೆ, ಮೊದಲನೆಯದು ಇದ್ದೇ ಇದೆ.

ಹೊಂದಿಸುವ ಕ್ರಮ

ಹೊಂದಾಣಿಕೆ ಮಾಡುವುದು ಒಂದು ವಿಜ್ಞಾನ ಪ್ರಯೋಗ. ಪ್ರಯೋಗಶಾಲೆಯ ಎರಡು ನಿಯಮಗಳು ಇಲ್ಲಿಯೂ ಸಲ್ಲುತ್ತವೆ: ಮೊದಲಿದ್ದ ಸ್ಥಿತಿಯನ್ನು ಬರೆದಿಡಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಕೆಲಸವನ್ನು ಅನುಭವಿ ಮೆಕ್ಯಾನಿಕ್‌ನ ಜೊತೆಯಲ್ಲಿ, ತಣ್ಣಗಾದ ಎಂಜಿನ್ನಿನ ಮೇಲೆ, ಬಯಲು ಜಾಗದಲ್ಲಿ, ಬೀಡಿ ಬೆಂಕಿ ದೂರವಿಟ್ಟು ಮಾಡಬೇಕು.

ಜೆಟ್ಟಿಗೆ ಕೈ ಹಾಕುವ ಮುನ್ನ ಉಳಿದದ್ದೆಲ್ಲ ಸರಿಯಿದೆಯೇ ನೋಡಿ. ಫಿಲ್ಟರ್ ಶುಚಿಯಾಗಿರಲಿ. ಬಟ್ಟಲಿನಲ್ಲಿ ಪೆಟ್ರೋಲಿನ ಮಟ್ಟ ಸರಿಯಿರಲಿ. ಹೊಸ ಸೈಲೆನ್ಸರ್ ಎಂಜಿನ್ನಿಗೆ ಸೇರುವ ಕಡೆ ವಾಷರ್ ಸರಿಯಾಗಿ ಕೂತಿರಲಿ. ಅಲ್ಲಿ ಸಣ್ಣ ಸಂದಿದ್ದರೂ ಹೊರಗಿನ ಗಾಳಿ ಒಳ ಸೇರಿ, ಉಳಿದ ಪೆಟ್ರೋಲು ಕೊಳವೆಯಲ್ಲೇ ಹೊತ್ತಿಕೊಂಡು ಪಟಪಟ ಸಿಡಿಯುತ್ತದೆ. ಎಷ್ಟೋ ಸಲ ಇಡೀ ಕಾಯಿಲೆ ಇಷ್ಟೇ ಆಗಿರುತ್ತದೆ, ಕಾರ್ಬುರೇಟರ್ ಸುಮ್ಮನೆ ಬೈಸಿಕೊಳ್ಳುತ್ತದೆ.

ಆಮೇಲೆ ಮೇನ್ ಜೆಟ್. ಈಗಿರುವ ಜೆಟ್ಟಿನ ಮೇಲಿನ ಸಂಖ್ಯೆ ಬರೆದುಕೊಳ್ಳಿ. ಕೆಲವು ಕಂಪನಿಗಳಲ್ಲಿ ಆ ಸಂಖ್ಯೆ ರಂಧ್ರದ ವ್ಯಾಸ, ಕೆಲವದರಲ್ಲಿ ಹರಿವಿನ ಪ್ರಮಾಣ. ಆದ್ದರಿಂದ ಒಂದರ ಸಂಖ್ಯೆಯನ್ನು ಇನ್ನೊಂದಕ್ಕೆ ಹೋಲಿಸಬಾರದು. ವ್ಯಾಸದ ಸಂಖ್ಯೆಯಾದರೆ 100ರಿಂದ 110ಕ್ಕೆ ಹೋದಾಗ ಹೆಚ್ಚುವುದು ಹತ್ತು ಶೇಕಡಾ ಅಲ್ಲ. ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾದ್ದರಿಂದ ಅದು ಶೇಕಡಾ 21. ಹಾಗಾಗಿ ಒಂದೊಂದೇ ಮೆಟ್ಟಿಲು ಏರಬೇಕು. ಶುರುವಿಗೆ ತುಸು ಗಟ್ಟಿಯ ಕಡೆಯಿಂದ ಆರಂಭಿಸಿ ಇಳಿಸುತ್ತಾ ಬರುವುದು ಕ್ಷೇಮ, ತೆಳುವಿನ ಕಡೆಯಿಂದ ಅಲ್ಲ.

ಪರೀಕ್ಷೆಗೆ ಒಂದು ಸುಲಭ ಉಪಾಯವಿದೆ. ಪೂರ್ಣ ತೆರೆದಾಗ ಎಂಜಿನ್ ಸೊರಗಿದರೆ ಆಕ್ಸಿಲರೇಟರನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ. ಚೇತರಿಸಿಕೊಂಡರೆ ಮಿಶ್ರಣ ತೆಳು. ಮುಗ್ಗರಿಸುತ್ತಾ ಗುಡುಗುಡು ಎಂದು ಮಂಕಾಗಿ ಓಡಿದರೆ ಬಹುಶಃ ಗಟ್ಟಿ. ಇದನ್ನು ಊರಿನ ರಸ್ತೆಯಲ್ಲಿ ಮಾಡುವಂತಿಲ್ಲ. ಎಂಜಿನ್ ಶಕ್ತಿ ಅಳೆಯುವ ಯಂತ್ರ, ಅಂದರೆ ಡೈನೊ ಇರುವ ವರ್ಕ್‌ಶಾಪೋ ಜನಸಂಚಾರವಿಲ್ಲದ ಖಾಸಗಿ ಜಾಗವೋ ಬೇಕು.

ಮೂರನೆಯದು ಸೂಜಿ. ಅದರ ತಲೆಯಲ್ಲಿ ಸಾಮಾನ್ಯವಾಗಿ ಐದು ಗೀರುಗಳಿದ್ದು ಒಂದರಲ್ಲಿ ಕ್ಲಿಪ್ ಇರುತ್ತದೆ. ಕ್ಲಿಪ್ಪನ್ನು ಕೆಳಗಿನ ಗೀರಿಗೆ ಇಳಿಸಿದರೆ ಸೂಜಿ ಮೇಲೇರಿ ಮಿಶ್ರಣ ಗಟ್ಟಿಯಾಗುತ್ತದೆ. ಮೇಲಿನ ಗೀರಿಗೆ ಏರಿಸಿದರೆ ತೆಳುವಾಗುತ್ತದೆ. ದಿನನಿತ್ಯದ ಓಡಾಟವೆಲ್ಲ ನಡೆಯುವುದು ಸೂಜಿಯ ಆಳ್ವಿಕೆಯಲ್ಲಿ. ಮೈಲೇಜ್ ನಿರ್ಧರಿಸುವುದೂ ಇದೇ.

ಕೊನೆಗೆ ನಿಂತಲ್ಲಿನ ಓಟದ ಸ್ಕ್ರೂ. ಇಲ್ಲಿ ಅನೇಕರು ಎಡವುತ್ತಾರೆ. ಆ ಸ್ಕ್ರೂ ಫಿಲ್ಟರಿನ ಕಡೆಗಿದ್ದರೆ ಅದು ಸಾಮಾನ್ಯವಾಗಿ ಗಾಳಿಯದು, ಒಳಕ್ಕೆ ತಿರುಗಿಸಿದರೆ ಮಿಶ್ರಣ ಗಟ್ಟಿ. ಎಂಜಿನ್ನಿನ ಕಡೆಗಿದ್ದರೆ ಸಾಮಾನ್ಯವಾಗಿ ಪೆಟ್ರೋಲಿನದು, ಒಳಕ್ಕೆ ತಿರುಗಿಸಿದರೆ ತೆಳು. ಒಂದೇ ತಿರುಗಿಸುವಿಕೆ, ಎರಡು ವಿರುದ್ಧ ಫಲ! ಮೊದಲು ಮೆಲ್ಲಗೆ ಪೂರ್ತಿ ಒಳಕ್ಕೆ ತಿರುಗಿಸಿ ಎಷ್ಟು ಸುತ್ತು ಎಂದು ಎಣಿಸಿ ಬರೆದುಕೊಳ್ಳಿ, ಹಾಗೆಯೇ ಹಿಂದಕ್ಕೆ ತನ್ನಿ. ಆಮೇಲೆ ಬಿಸಿಯಾದ ಎಂಜಿನ್ ಚಾಲೂ ಇಟ್ಟು, ಕಾಲು ಸುತ್ತಿನಷ್ಟು ಆ ಕಡೆ ಈ ಕಡೆ ತಿರುಗಿಸುತ್ತಾ, ಓಟ ಅತ್ಯಂತ ನಯವಾಗಿರುವ ಜಾಗ ಹುಡುಕಿ.

ಫಲಿತಾಂಶ ಹೇಳುವುದು ಸ್ಪಾರ್ಕ್ ಪ್ಲಗ್. ಒಣ ಮಸಿ ಮೆತ್ತಿದ್ದರೆ ಗಟ್ಟಿ. ಬಿಳಿಚಿಕೊಂಡು ಗುಳ್ಳೆ ಎದ್ದಂತಿದ್ದರೆ ತೆಳು, ಗಾಡಿ ನಿಲ್ಲಿಸಿ. ತಿಳಿ ಕಂದು ಬಣ್ಣವಿದ್ದರೆ ಸರಿ. 2000ದಿಂದ ಈಚೆಗೆ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಬಂದಿರುವುದರಿಂದ ಬಣ್ಣ ಕೂಡಲು ಹೆಚ್ಚು ಹೊತ್ತು ಬೇಕು. ನಾಲ್ಕು ಹೆಜ್ಜೆ ಓಡಿಸಿ ಪ್ಲಗ್ ಬಿಚ್ಚಿ ನೋಡಿ ತೀರ್ಪು ಕೊಡಬೇಡಿ.

ದುರ್ಗದ ಗಾಳಿ, ಕರಾವಳಿಯ ಗಾಳಿ

ಚಿತ್ರದುರ್ಗ ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಶೇಕಡಾ 7ರಷ್ಟು ಕಡಿಮೆ. ಕಾರ್ಬುರೇಟರಿಗೆ ಇದು ಪೂರ್ತಿ ಅರಿವಾಗುವುದಿಲ್ಲ. ಹಾಗಾಗಿ ಎತ್ತರಕ್ಕೆ ಹೋದಂತೆ ಮಿಶ್ರಣ ತುಸು ಗಟ್ಟಿಯಾಗುತ್ತದೆ. ಇದನ್ನೇ ತಿರುಗಿಸಿ ನೋಡಿ. ದುರ್ಗದಲ್ಲಿ ಅಂಚಿಗೆ ಹೊಂದಿಸಿದ ಗಾಡಿಯನ್ನು ಮಂಗಳೂರಿಗೆ ಒಯ್ದರೆ, ಘಟ್ಟ ಇಳಿದ ಮೇಲೆ ಗಾಳಿ ಸಾಂದ್ರವಾಗಿ ಮಿಶ್ರಣ ತೆಳುವಾಗುತ್ತದೆ. ಊರಲ್ಲಿ ಸರಿಯಿದ್ದದ್ದು ಪ್ರವಾಸದಲ್ಲಿ ಕೈಕೊಡಲು ಇದೂ ಒಂದು ಕಾರಣ.

ಇನ್ನೊಂದು ಬದಲಾವಣೆ ಬಂಕಿನಲ್ಲೇ ಆಗಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥನಾಲ್ ಪಾಲು ಶೇಕಡಾ 20 ಮುಟ್ಟಿತು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇರುವುದರಿಂದ ಅದಕ್ಕೆ ಬೇಕಾದ ಗಾಳಿ ಒಂಬತ್ತು ಪಾಲು ಮಾತ್ರ. ಬೆರಕೆ ಪೆಟ್ರೋಲಿನ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ. 1990ರಲ್ಲಿ ಶುದ್ಧ ಪೆಟ್ರೋಲಿಗಾಗಿ ಕೊರೆದ ಜೆಟ್ಟಿನಲ್ಲಿ ಇಂದಿನ ಪೆಟ್ರೋಲು ಹಾಕಿದರೆ, ಏನೂ ಬದಲಿಸದೆಯೇ ಮಿಶ್ರಣ ಆಗಲೇ ತೆಳುವಾಗಿರುತ್ತದೆ. ಅಪ್ಪನ ಕಾಲದ ಗಾಡಿಗೆ ಹೊಸ ಸೈಲೆನ್ಸರ್ ಹಾಕಿಸುವವರು ಇದನ್ನು ಮರೆಯಬಾರದು.

ಹೊಸ ಗಾಡಿಗಳಲ್ಲಿ

2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಹೊಸ ಬೈಕುಗಳಲ್ಲಿ ಕಾರ್ಬುರೇಟರಿನ ಜಾಗಕ್ಕೆ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಕೊಳವೆಯಲ್ಲಿ ಕೂತ ಆಮ್ಲಜನಕ ಸಂವೇದಕ ಹೊಗೆಯನ್ನು ‘ಮೂಸಿ’ ನೋಡಿ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಪೆಟ್ರೋಲು ಹೊಂದಿಸುತ್ತದೆ. ಹಾಗಾದರೆ ಚಿಂತೆಯಿಲ್ಲವೇ? ಸಮ ವೇಗದ ಓಟದಲ್ಲಿ ಬಹುಮಟ್ಟಿಗೆ ಇಲ್ಲ. ಪೂರ್ಣ ವೇಗದಲ್ಲಿ ಮಾತ್ರ ಕಂಪ್ಯೂಟರ್ ಸಾಮಾನ್ಯವಾಗಿ ಸಂವೇದಕದ ಮಾತನ್ನು ಬದಿಗಿಟ್ಟು, ಕಂಪನಿಯಲ್ಲಿ ಬರೆದಿಟ್ಟ ಕೋಷ್ಟಕವನ್ನು ಅನುಸರಿಸುತ್ತದೆ. ಆ ಕೋಷ್ಟಕಕ್ಕೆ ನಿಮ್ಮ ಹೊಸ ಸೈಲೆನ್ಸರಿನ ಪರಿಚಯವಿಲ್ಲ. ಅಲ್ಲದೆ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವುದೂ ಈ ಕೊಳವೆಯ ದಾರಿಯಲ್ಲೇ. ಇಡೀ ಕೊಳವೆ ತೆಗೆದರೆ ಅದೂ ಹೋಯಿತು.

ಕಾನೂನು ಮತ್ತು ನೆರೆಹೊರೆ

ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ತಡೆಯುತ್ತದೆ. ಸೈಲೆನ್ಸರ್ ಇರಲೇಬೇಕೆಂದು 1989ರ ಕೇಂದ್ರ ನಿಯಮಗಳ 120ನೆಯ ನಿಯಮ ಹೇಳುತ್ತದೆ. ಸದ್ದು ಮತ್ತು ಹೊಗೆಯ ಮಿತಿ ಮೀರಿದರೆ 190ನೆಯ ಕಲಮಿನ ಪ್ರಕಾರ, 2019ರ ತಿದ್ದುಪಡಿಯ ನಂತರ, ಮೂರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಲೈಸೆನ್ಸಿಗೂ ಮೂರು ತಿಂಗಳ ಅನರ್ಹತೆ. ವಶಪಡಿಸಿಕೊಂಡ ಸೈಲೆನ್ಸರುಗಳ ಮೇಲೆ ಪೊಲೀಸರು ರೋಡ್ ರೋಲರ್ ಹರಿಸಿದ ಚಿತ್ರಗಳನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಹಾಗಾಗಿ ಬದಲಿಸಲೇಬೇಕಾದರೆ, ಉದಾಹರಣೆಗೆ ತುಕ್ಕು ಹಿಡಿದು ತೂತಾದ ಹಳೆಯ ಗಾಡಿಗೆ, ಮೂಲ ಮಾದರಿಯದೇ ಅಳತೆ ಮತ್ತು ಒಳ ರಚನೆ ಇರುವ ಸೈಲೆನ್ಸರ್ ಹಾಕಿಸಿ. ನಂತರ ಮಿಶ್ರಣ ಹೊಂದಿಸಿ, ಹೊಗೆ ಪರೀಕ್ಷೆ ಮಾಡಿಸಿ. ಪರೀಕ್ಷಾ ಕೇಂದ್ರದ ಚೀಟಿಯಲ್ಲಿ ಬರುವ ಇಂಗಾಲದ ಮಾನಾಕ್ಸೈಡಿನ ಅಂಕಿ ನಿಮ್ಮ ಸ್ಕ್ರೂ ಹೊಂದಾಣಿಕೆಗೆ ಸಿಗುವ ಅಂಕಪಟ್ಟಿಯೂ ಹೌದು.

ಕಾನೂನನ್ನು ಬದಿಗಿಟ್ಟರೂ ಒಂದು ಮಾತು ಉಳಿಯುತ್ತದೆ. ಸದ್ದು ಶಕ್ತಿಯ ಗುರುತಲ್ಲ. 98 ಸಿ.ಸಿ.ಯ ಆರ್‌ಎಕ್ಸ್ 100 ತನ್ನ 11 ಅಶ್ವಶಕ್ತಿಯನ್ನು ಕೊಟ್ಟದ್ದು ಕಂಪನಿಯದೇ ಸೈಲೆನ್ಸರಿನಲ್ಲಿ, ಅದಕ್ಕೆ ಹೊಂದಿಸಿದ ಜೆಟ್ಟಿನಲ್ಲಿ. ಅದರ ಹೊಟ್ಟೆ ಕೊಯ್ದು ಸದ್ದು ಹೆಚ್ಚಿಸಿದವರು ಬಹುಪಾಲು ಶಕ್ತಿಯನ್ನು ಕಳೆದುಕೊಂಡರು, ಪಡೆಯಲಿಲ್ಲ. ರಾತ್ರಿ ಹತ್ತರ ಮೇಲೆ ಬೀದಿಯಲ್ಲಿ ನಿದ್ದೆಗೆಟ್ಟ ಮಗು, ಪರೀಕ್ಷೆಗೆ ಓದುತ್ತಿದ್ದ ನಿಮ್ಮಂಥದೇ ಇನ್ನೊಬ್ಬ ವಿದ್ಯಾರ್ಥಿ ಕೂಡ ಏನನ್ನೋ ಕಳೆದುಕೊಂಡರು.

ಎಂಜಿನ್ ಬಿಡಿ ಭಾಗಗಳ ರಾಶಿಯಲ್ಲ. ಒಳಗೆ ಬರುವ ಗಾಳಿ, ಅಳೆದು ಬರುವ ಪೆಟ್ರೋಲು, ಹೊರಗೆ ಹೋಗುವ ಹೊಗೆ, ಈ ಮೂರೂ ಒಂದೇ ಉಸಿರು. ಒಂದನ್ನು ಮುಟ್ಟಿದರೆ ಉಳಿದೆರಡನ್ನೂ ವಿಚಾರಿಸಿಕೊಳ್ಳಬೇಕು. ವಿಚಾರಿಸಿಕೊಳ್ಳುವ ವ್ಯವಧಾನ ಇಲ್ಲದಿದ್ದರೆ ಮುಟ್ಟದಿರುವುದೇ ಜಾಣತನ.

ನೀವೇ ಯೋಚಿಸಿ, ಮಾಡಿ ನೋಡಿ

1. ನಿಮ್ಮ ಮನೆಯ ಗಾಡಿ ಒಂದು ಲೀಟರಿಗೆ ಎಷ್ಟು ಕಿಲೋಮೀಟರ್ ಓಡುತ್ತದೆ? ಒಂದು ಕಿಲೋಮೀಟರಿಗೆ ಅದು ಎಷ್ಟು ಲೀಟರ್ ಗಾಳಿ ಕುಡಿಯುತ್ತದೆ ಎಂದು ಲೆಕ್ಕ ಹಾಕಿ.

2. ನಿಮಿಷಕ್ಕೆ 7500 ಸುತ್ತಿನ ಎಂಜಿನ್ನಿಗೆ, ಹೊಗೆ ಕಿಂಡಿ ಅರ್ಧ ಸುತ್ತು ತೆರೆದಿರುತ್ತದೆ ಎಂದುಕೊಂಡರೆ, ಮಾರ್ದನಿ ಸಕಾಲಕ್ಕೆ ಬರಲು ಕೊಳವೆ ಎಷ್ಟು ಉದ್ದವಿರಬೇಕು?

3. ಹತ್ತಿರದ ಗ್ಯಾರೇಜಿನಲ್ಲಿ ಬಿಸಾಡಿದ ಹಳೆಯ ಪ್ಲಗ್ಗುಗಳನ್ನು ಕೇಳಿ ತನ್ನಿ. ಬಣ್ಣ ನೋಡಿ ಗಟ್ಟಿ, ಸರಿ, ತೆಳು ಎಂದು ಮೂರು ಗುಂಪು ಮಾಡಿ. ನಿಮ್ಮ ವಿಂಗಡಣೆ ಸರಿಯೇ ಎಂದು ಮೆಕ್ಯಾನಿಕ್ ಅಣ್ಣನನ್ನೇ ಕೇಳಿ. ಪುಸ್ತಕದಲ್ಲಿಲ್ಲದ ಒಂದೆರಡು ಮಾತುಗಳು ಅಲ್ಲಿ ಸಿಗುತ್ತವೆ.